ಐದು ಪಾಯಿಂಟ್ ಒಂಬತ್ತು

ವಾಡಿ ಜಂಕ್ಷನ್ನಾಗ ಬರ್ಫ ಅಂದ್ರ
ಮೀನಿನ ಪೆಟ್ಟಿಗಿಯಿಂದ ಸೋರೋ ನೀರು,
ಪಾರ್ಸಲ್ ಆಫೀಸಿನ ಮುಂದ ಒಂದು ವಾಸನಿ.
ಅದರ ಮ್ಯಾಲ ಮನಷ್ಯಾರು ಕುಣೀತಾರ ಅಂತ
ನಂಗ ಗೊತ್ತಾದಾಗ ಇಪ್ಪತ್ತಾರು ವಯಸ್ಸು.

ರೈಲ್ವೆ ಇನ್‌ಸ್ಟಿಟ್ಯೂಟಿನ ಟಿವಿ, ಫೆಬ್ರವರಿ ರಾತ್ರಿ.
ಇಸ್ಪೀಟ್ ಆಡ್ಲಾಕತ್ತಿದ್ದ ಗಾರ್ಡ್ ಮಾಣಿಕರಾವ
"ಆವಾಜ್ ಬಂದ್ ಮಾಡವ್ವ, ನೋಡೋದಿದ್ರ ಸುಮ್ಮ ನೋಡು" ಅಂದ.
ಹೆಂಗಸರ ವೇಟಿಂಗ್ ರೂಮಿನ ಆಯಾ ನಾನು, ಎಸ್ತೇರಮ್ಮ,
ಬಾಗಿಲ್ದಾಗ ನಿಂತೆ. ಕುರ್ಚಿ ಖಾಲಿ ಇದ್ವು.
ಕೂಡು ಅಂತ ಯಾರೂ ಅನಲಿಲ್ಲ.

ಕಪ್ಪು ಬಿಳಿ ಪರದಿ. ಒಬ್ಬ ಹುಡುಗಿ.
ಲಂಗಕ್ಕ ಬಣ್ಣ ನಾನೇ ಹಾಕ್ದೆ:
ಗಾಡಿ ನಿಲ್ಲಿಸೋ ಝಂಡಾದಂಥ ಕೆಂಪು.
ಶಂಟಿಂಗ್ ಡಬ್ಬಿ ಹೋದಂಗ ಹಿಂದಕ್ಕ, ಹಿಂದಕ್ಕ,
ತಿರುಗಿ ನೋಡದೆ ಹೊಂಟಿದ್ಲು.
ಒಮ್ಮೆಲೇ ಮಾರಿ ಮುಂದ ಮಾಡಿ
ಎಡಗಾಲ ಒತ್ತಿ ಮ್ಯಾಲೆದ್ಲು.
ಒಂದು ಸುತ್ತು,
ಎರಡು,

ಕರೆಂಟ್ ಹೋತು.

ಸಿಮೆಂಟ್ ಫ್ಯಾಕ್ಟರಿ ತನಕ ಕತ್ತಲಿ.
"ಮೂರು ಜೋಕರ್ ಬಂದಿದ್ವಲ್ಲೋ!" ಅಂತ ಮಾಣಿಕರಾವ ಬಾಯಿ ಬಡಕೊಂಡ.
ನಾ ಕಡ್ಡಿ ಗೀರಿ, ಕ್ಲೋಕ್‌ರೂಮಿನ ಹಳಿ ರಜಿಸ್ಟರಿನ ಹಿಂದಿನ ಹಾಳ್ಯಾಗ
ಅವರು ಹಾಕೋ ಹಂಗ ಆರಕ್ಕ ಮಾರ್ಕು ಹಾಕ್ದೆ:
ಐದು ಪಾಯಿಂಟ್ ಒಂಬತ್ತು.
ಇನ್ನೂ ಇಳಿದಿಲ್ಲಲ್ಲ, ಅದಕ್ಕ ಒಂದು ಕಾಳಿನಷ್ಟು ಕಡಿಮಿ.

ಆಮ್ಯಾಲ ರಜಿಸ್ಟರು ಏಳಾದ್ವು.
ಆಕ್ಸೆಲ್, ಲುಟ್ಜ್, ಸಾಲ್ಕೋ,
ನಮ್ಮ ಚರ್ಚಿನ ಹುಡುಗರ ಹೆಸರಿನಂಗ ಬಾಯಿಗಿ ಬಂದ್ವು.
ಬ್ಲೇಡಿಗಿ ಎರಡು ಅಂಚು, ಒಳಗಿಂದು, ಹೊರಗಿಂದು.
ಯಾವ ಅಂಚಿನ ಮ್ಯಾಲ ಇಳದ್ಲು ಅಂತ
ಮೊಣಕಾಲ ನೋಡಿ ಹೇಳ್ತಿದ್ದೆ, ಕೇಳಲಾಕ ಯಾರಿದ್ರು.
ಅವರು ಲೆಕ್ಕ ಬದಲಿಸಿದ್ರು, ನೂರು, ಇನ್ನೂರು ಅಂತ.
ನಾ ಬದಲಿಸಲಿಲ್ಲ.
ಆರು ಮಾತ್ರ ಯಾರಿಗೂ ಹಾಕಲಿಲ್ಲ. ಕೈ ಬರಲಿಲ್ಲ.

"ಬಿದ್ದವರನ್ನ ನೋಡಿ ಅಳ್ತೀಯಲ್ಲ,
ನಿಮ್ಮ ಪೈಕಿ ಏನು?" ಅಂತಿದ್ದ ನನ್ನ ಗಂಡ ದಾವೀದ.
ಅಂದು ಹೋಗಿ ತಾನೇ ಚಾ ಕಾಸಿ ತರ್ತಿದ್ದ.

ಖರೆ ಹೇಳ್ತೀನಿ,
ನಡುರಾತ್ರಿ ಮದ್ರಾಸ್ ಮೇಲ್ ಹೋದ ಮ್ಯಾಲ
ವೇಟಿಂಗ್ ರೂಮಿಗಿ ನೀರು ಹೊಡದು,
ಶಹಾಬಾದ್ ಫರಸಿ ಮ್ಯಾಲ ಸೀರಿ ಎತ್ತಿ ಕಟ್ಟಿ
ಜಾರೀನಿ. ಕನ್ನಡಿಯಿಂದ ಬಾಗಿಲ ತನಕ, ಒಂದು ಕಾಲ ಮ್ಯಾಲ.
ಬೆಂಚಿನ ಮ್ಯಾಲ ಮಲಗಿದ್ದ ರಾಯಚೂರ ಕಡಿಯ ಬಾಣಂತಿ
ಒಂದು ಕಣ್ಣು ತೆರದು ನೋಡಿ, ಮುಚ್ಕೊಂಡ್ಲು.

ಆದ್ರ ಮೊದಲಿನಾಕಿ?
ಮೂವತ್ತೈದು ವರ್ಷ ಮ್ಯಾಲೇ ಇದ್ಲು.
ನಾ ರಿಟೈರಾದೆ, ದಾವೀದ ಮಣ್ಣಿಗಿ ಹೋದ,
ಆಕಿ ಎರಡೂವರಿ ಸುತ್ತಿನ ಆ ಅರ್ಧದಾಗೇ ಇದ್ಲು.

ಈ ಮೇ ತಿಂಗಳು, ನಲವತ್ತನಾಲ್ಕು ಡಿಗ್ರಿ,
ಜುಬೇದಾನ ಮೊಮ್ಮಗಳು ಮೆಹಕ್ ಮೊಬೈಲ್ ಹಿಡಕೊಂಡು
ಮೂರು ದಿನ ಹುಡುಕಿದ್ಲು.
ಹೆಸರು ಗೊತ್ತಿಲ್ಲ, ದೇಶ ಗೊತ್ತಿಲ್ಲ;
ತುರುಬಿನ ರಿಬ್ಬನ್ ಒಂದು ಕಡಿ ಬಿಚ್ಚಿತ್ತು, ಅಷ್ಟೇ ಗುರ್ತು.
"ಈಕೀನಾ, ಅಜ್ಜಿ?"
ಬ್ಯಾಡ ಅನ್ನೋದ್ರಾಗ ಒತ್ತಿಬಿಟ್ಲು.

ಲಂಗ ಹಸಿರಿತ್ತು.
ಹಿಂದಕ್ಕ, ಹಿಂದಕ್ಕ. ತಿರುಗಿ, ಮ್ಯಾಲೆದ್ದು,
ಒಂದು, ಎರಡು, ಅರ್ಧ,
ಹಿಮ್ಮಡ ಜಾರಿ ಕುಂತುಬಿಟ್ಲು.
ಕುಂತ ಜಾಗದಿಂದ ಹಂಗೇ ಎದ್ಲು,
ಸೊಂಟಕ್ಕ ಬಿಳಿ ಪುಡಿ ಹತ್ತಿತ್ತು, ಸುಣ್ಣದ ಗ್ವಾಡಿಗಿ ಒರಗಿದವರಂಗ.
ಝಾಡಿಸಲಿಲ್ಲ. ಹೊಂಟ್ಲು.

ಆವಾಗ ಕೇಳ್ತು ಅದು.
ಫರಸಿ ಮ್ಯಾಲ ಗರಗಸ ಮೊದಲ ಸಲ ಇಳದಾಗ
ಬರತದಲ್ಲ, ಕಲ್ಲು ಒಪ್ಪಿಕೊಂಡಂಥ ಒಂದು ಸಪ್ಪಳ,
ಅಂಥದ್ದು. ಅಂದು ಮಾಣಿಕರಾವ ಮುಚ್ಚಿಸಿದ್ದು.

"ಬಿದ್ಲಲ್ಲ ಅಜ್ಜಿ," ಅಂದ್ಲು ಮೆಹಕ್,
ರಜಿಸ್ಟರು ಬಿಚ್ಚಿ, ಪೆನ್ನು ಮುಂದ ಹಿಡದು,
"ಮಾರ್ಕು ಕಡಿಮಿ ಮಾಡ್ತೀಯೇನು?"

ಮತ್ತೊಮ್ಮೆ ಹಾಕು ಅಂದೆ.
ಆವಾಜ್ ಜಾಸ್ತಿ ಮಾಡು.